ಗ್ರಾಮಠಾಣದ ಎಲ್ಲೆಯೂ ಊರಂಚಿನ ಮನೆಗಳೂ

ಶಿವಮೊಗ್ಗೆಯಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯ ಉದ್ದವು ಸುಮಾರು 20 ಕಿಲೋಮೀಟರು. ಅದರ ಒಂದು ಕೊನೆಯಲ್ಲಿ ತುಂಗೆಯೂ ಇನ್ನೊಂದು ಕೊನೆಯಲ್ಲಿ ಭದ್ರೆಯೂ ಹರಿಯುತ್ತವೆ. ಇವೆರಡೂ ಮುಂದೆ ಕೂಡಲಿಯಲ್ಲಿ ಒಂದಾಗುತ್ತವೆ. ಈ ದಾರಿಯ ಮಗ್ಗುಲಲ್ಲಿ ನಿದಿಗೆ ಹೋಬಳಿಗೆ ಸೇರಿದ ಮಾಚೇನಹಳ್ಳಿಯಿದೆ. ಬೇಸಾಯದವರ ಸಣ್ಣ ಊರಾಗಿದ್ದ ಇದರ ಸುತ್ತಮುತ್ತ ಈಗ ಕೈಗಾರಿಕಾ ಪ್ರದೇಶವೂ, ಮೀಸಲು ಪೊಲೀಸ್ ಪಡೆಯ ನೆಲೆಯೂ, ಸಿದ್ಧ ಉಡುಪುಗಳನ್ನು ಹೊಲಿಯುವ ಕಾರ್ಖಾನೆಯೂ ಬಂದಿವೆ. ಬೆಳಗ್ಗೆ ಕೆಲಸಕ್ಕೆಂದು ಇಲ್ಲಿಗೆ ಬಂದಿಳಿಯುವವರಲ್ಲಿ ಹೆಂಗಸರೇ ಬಹುಮಂದಿ. ಇವರು ಇಲ್ಲಿಯೇ ವಾಸಮಾಡಬೇಕೆಂದರೆ ಮನೆಗಳೆಲ್ಲಿ? ಊರಿನ ಅಂಚಿನಲ್ಲಿ ಎರಡು ಎಕರೆ ನೆಲವನ್ನು ಹಿಡಿದು, ಸಾಧಾರಣ ವರಮಾನದವರ ಕೈಗೆ ನಿಲುಕುವಂತೆ ನಾಲ್ಕಾರು ಸಾಲು ಮನೆಗಳನ್ನು ಕಟ್ಟಬೇಕೆಂದು ಯಾರಾದರೂ ಹೊರಟರೆ, ಅವರ ಮುಂದಿರುವ ತೊಡಕುಗಳು ಯಾವುವು? ಇಟ್ಟಿಗೆ ಗಾರೆಗಳ ಲೆಕ್ಕವನ್ನು ಇಂಜಿನಿಯರುಗಳು ಹೇಳಬಲ್ಲರು. ಚರಿತ್ರೆಯನ್ನು ಓದುವವರು ಹೇಳತಕ್ಕುದು ಬೇರೊಂದಿದೆ. ನಮ್ಮ ಹಳ್ಳಿಗಳಲ್ಲಿ ಮನೆ ಏಳುವುದಕ್ಕೆ ಮೊದಲು ಒಂದು ಗೆರೆ ಏಳುತ್ತದೆ. ಆ ಗೆರೆಯ ಒಳಗಿನವನಿಗೆ ಮನೆಯೂ ಹೊರಗಿನವನಿಗೆ ಬರಿಯ ಬಿಡಾರವೂ ದಕ್ಕುತ್ತ ಬಂದಿವೆ. ಈ ಗೆರೆಯ ಚರಿತ್ರೆಯನ್ನು ಸ್ಥೂಲವಾಗಿಯಾದರೂ ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಊರಿನ ಹೆಸರನ್ನೇ ನೋಡೋಣ. ಮಾಚ, ಮಾಚಯ್ಯ, ಮಾಚಗವುಂಡ ಮುಂತಾದ ಹೆಸರುಗಳು ನಮ್ಮ ಮಧ್ಯಯುಗದ ಶಾಸನಗಳಲ್ಲಿ ಹೇರಳವಾಗಿ ದೊರೆಯುತ್ತವೆ. 12ನೆಯ ಶತಮಾನದ ಶರಣರಲ್ಲಿ ಮಡಿವಾಳ ಮಾಚಿದೇವನ ಹೆಸರನ್ನು ಕೇಳದವರಿಲ್ಲ. ‘ಹಳ್ಳಿ’ ಎಂಬ ಮಾತು ಈಗ ಯಾವ ಗ್ರಾಮಕ್ಕಾದರೂ ಸಲ್ಲುತ್ತದೆ. ಶಾಸನಗಳ ಬಳಕೆಯಲ್ಲಾದರೋ ಊರು ತಾಯಿ, ಹಳ್ಳಿ ಮಗು. ದತ್ತಿಗಳನ್ನು ಕೊಡುವಾಗ ಮುಖ್ಯ ಗ್ರಾಮವನ್ನು ಹೇಳಿ, ಅದರ ‘ಕಾಲುವಳ್ಳಿ’ಗಳನ್ನು ಸೇರಿಸಿ ಹೇಳುವ ವಾಡಿಕೆಯಿತ್ತು. ಕಾಲುವಳ್ಳಿಯೆಂದರೆ ಮೂಲ ಗ್ರಾಮದಿಂದ ಕವಲೊಡೆದು ಅದರ ಎಲ್ಲೆಯೊಳಗೇ ಕುಳಿತ ಸಣ್ಣ ವಸತಿ. ಹೊಲವು ಊರಿಗೆ ದೂರವಾದಾಗ, ಕಾಡನ್ನು ಕಡಿದು ಹೊಸ ಗದ್ದೆಯನ್ನು ಮಾಡಿದಾಗ, ಒಡೆದ ಕೆರೆಯನ್ನು ಕಟ್ಟಿ ಕಟ್ಟುಕೊಡಗೆಯನ್ನು ಪಡೆದಾಗ, ಮೂರು ನಾಲ್ಕು ಮನೆಗಳು ಅಲ್ಲಿಗೆ ಸಾಗುತ್ತಿದ್ದುವು. ಕರುಗಲ್ಲನ್ನು ನೆಟ್ಟು ಪೂಜಿಸಿದಮೇಲೆ ಅದು ಊರೆನಿಸುತ್ತಿತ್ತು. ಇಂದು ನಾವು ಊರಂಚಿನ ಬಡಾವಣೆಯೆಂದು ಹೇಳುವುದರ ಹಳೆಯ ರೂಪವು ಇದೇ. ಮಾಚನ ಹೆಸರಿನ ಹಳ್ಳಿಯೂ ಹೀಗೆಯೇ ಯಾವುದೋ ಒಂದು ಊರಿನ ಅಂಚಾಗಿದ್ದಿತೆಂದು ಅದರ ಹೆಸರಿನ ಆಕಾರವೇ ಸೂಚಿಸುತ್ತದೆ.

ಈ ಜಿಲ್ಲೆಯ ವಸತಿಚರಿತ್ರೆಯಲ್ಲಿ ನೀರಿಗೆ ಮೊದಲ ಸ್ಥಾನವಿರುವುದನ್ನು ತಾಳಗುಂದದ ಸ್ತಂಭಶಾಸನದಿಂದಲೇ ಕಾಣಬಹುದು. ಕುಬ್ಜನೆಂಬ ಕವಿಯು ರಚಿಸಿದ, ಕದಂಬ ಶಾಂತಿವರ್ಮನ ಕಾಲದ, ಎಂದರೆ 5ನೆಯ ಶತಮಾನದ ಈ ಶಾಸನವು ಕದಂಬರ ವಂಶಾವಳಿಗಾಗಿ ಪ್ರಸಿದ್ಧವಾಗಿದೆ. ಆದರೆ ಅದನ್ನು ಕಲ್ಲಿನಲ್ಲಿ ಕೆತ್ತಿಸುವುದಕ್ಕೆ ಕಾರಣವಾದ ಕಾರ್ಯವು ವಂಶಾವಳಿಯಲ್ಲ. ಕಾಕುಸ್ಥವರ್ಮನು ದೇವಾಲಯದ ಬಳಿ ಕೆರೆಯನ್ನು ಕಟ್ಟಿಸಿದ್ದು. ದೊಡ್ಡ ಅಗ್ರಹಾರವೊಂದು ಬಾಳಬೇಕಾದರೆ ಕೆರೆಯೊಂದು ಬೇಕೆಂಬುದನ್ನು ಆ ಅರಸು ಬಲ್ಲವನಾಗಿದ್ದನು. ಮುಂದೆ ಹೊಯ್ಸಳರ ಕಾಲದಲ್ಲಿ ಸೋಮನಾಥ ದಂಡನಾಯಕನು ಕಾವೇರಿಯ ದಡದಲ್ಲಿ ಸೋಮನಾಥಪುರವನ್ನು ಸ್ಥಾಪಿಸಿ, 1258ರಲ್ಲಿ ಅಲ್ಲಿ ಕೇಶವ ದೇವಾಲಯವನ್ನು ಪ್ರತಿಷ್ಠೆಮಾಡಿದಾಗಲೂ ಗುಡಿಯೊಡನೆ ಅಗ್ರಹಾರವೂ ಹುಟ್ಟಿತು. ಅಗ್ರಹಾರವೇನೋ ಬಡವರ ವಸತಿಯಾಗಿರಲಿಲ್ಲ. ಇದನ್ನು ಮರೆತು ಅದನ್ನು ಹೊಗಳುವವರ ಮಾತಿಗೆ ನಾವು ಸೇರಲಾರೆವು. ಅದರ ಹೊಲವನ್ನು ಉಳುವವರೂ ಮಡಕೆಯನ್ನು ಮಾಡುವವರೂ ಬೇರೆ ಕೇರಿಗಳಲ್ಲಿ ಇರುತ್ತಿದ್ದರು. ಆದರೂ ಅದರಲ್ಲಿ ಗಮನಿಸತಕ್ಕ ಒಂದಂಶವಿದೆ: ಅಲ್ಲಿ ಯಾರಿಗೂ ಬರಿಯ ಮನೆಯನ್ನು ಕೊಡುತ್ತಿರಲಿಲ್ಲ. ಮನೆಯೊಡನೆ ವೃತ್ತಿ, ಎಂದರೆ ಭೂಮಿಯ ಉತ್ಪನ್ನದಲ್ಲಿ ಇಷ್ಟು ಪಾಲು ಎಂಬುದು, ಶಾಸನದಲ್ಲಿಯೇ ಬರೆದಿರುತ್ತಿತ್ತು. ಎಲ್ಲೆಯ ಕಲ್ಲುಗಳ ಗುರುತುಗಳೂ ಬರೆದಿರುತ್ತಿದ್ದುವು. ಇದಕ್ಕೆ ಪ್ರತಿಯಾಗಿ ಸಾಮಾನ್ಯ ಒಕ್ಕಲಿನ ಮನೆಯು ದಾಖಲೆಗಳಲ್ಲಿ ಕಾಣಿಸಿಕೊಳ್ಳುವುದು ಮನೆದೆರೆ ಎಂಬ ತೆರಿಗೆಯ ಸಂದರ್ಭದಲ್ಲಿ. ಕೆಳದಿಯ ಶಿವಪ್ಪನಾಯಕನು 17ನೆಯ ಶತಮಾನದ ನಡುವಿನಲ್ಲಿ ಏರ್ಪಡಿಸಿದ ಶಿಸ್ತು ಇಂದಿಗೂ ಈ ಸೀಮೆಯಲ್ಲಿ ಜನರ ಬಾಯಲ್ಲಿದೆ. ಅದೂ ಗದ್ದೆಗಳನ್ನು ಮಣ್ಣಿನ ಗುಣಕ್ಕೆ ತಕ್ಕಂತೆ ತರಗಳಾಗಿ ವಿಂಗಡಿಸಿದ ಕಂದಾಯದ ಶಿಸ್ತು. ಆಳುವವರು ಹೊಲವನ್ನು ಅಳೆದರು, ಮನೆಯನ್ನು ಎಣಿಸಿದರು. ಮನೆಯನ್ನು ಅಳೆಯುವ ಅಗತ್ಯವು ಅವರಿಗೆ ತೋರಲಿಲ್ಲ.

ಈ ಕಾರಣದಿಂದ 1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರಂಭವಾದ ಕಂದಾಯದ ಸರ್ವೆಯು ಊರಂಚಿನ ಚರಿತ್ರೆಯಲ್ಲಿ ಒಂದು ದೊಡ್ಡ ತಿರುವು. ಬೊಂಬಾಯಿಯ ಪದ್ಧತಿಯನ್ನು ಅನುಸರಿಸಿದ ಈ ಸರ್ವೆಯವರು 33 ಅಡಿ ಉದ್ದದ ಸರಪಳಿಯನ್ನು ಹಿಡಿದು ಊರೂರು ತಿರುಗಿದರು. ಆ ಸರಪಳಿಯ ಒಂದು ಚೌಕಕ್ಕೆ ಗುಂಟೆಯೆಂದು ಹೆಸರು. ಎಂದರೆ 1,089 ಚದರ ಅಡಿ. ಇಂತಹ 40 ಗುಂಟೆಗೆ ಒಂದು ಎಕರೆ. ಪ್ರತಿಯೊಂದು ಹೊಲಕ್ಕೂ ಸರ್ವೆ ನಂಬರು ಬಂದಿತು. ಪ್ರತಿಯೊಂದು ನಂಬರಿಗೂ ಕಲ್ಲು, ನಕ್ಷೆ, ಕಂದಾಯ ಮತ್ತು ಖಾತೆದಾರನ ಹೆಸರು ಬಂದುವು. ಕಂದಾಯಕ್ಕೆ ಸಲ್ಲದ ನೆಲವು ಖರಾಬೆನಿಸಿತು. ದನಗಳ ಮೇವಿಗೆ ಗೋಮಾಳವನ್ನೂ ಸಾರ್ವಜನಿಕರ ನೆರಳಿಗೆ ಗುಂಡುತೋಪನ್ನೂ ಬಿಟ್ಟರು. ಜನರು ವಾಸಮಾಡುವ ಜಾಗವನ್ನು ಮಾತ್ರ ಗ್ರಾಮಠಾಣವೆಂದು ಒಂದೇ ತುಂಡಾಗಿ ಗುರುತಿಸಿ, ಸುತ್ತ ಗೆರೆಯನ್ನೆಳೆದು, ಒಳಗಣ ಮನೆ ಹಿತ್ತಲುಗಳನ್ನು ಅಳೆಯದೆ ಮುಂದೆ ಹೋದರು. ಕಂದಾಯವನ್ನು ಹುಡುಕಿಕೊಂಡು ಬಂದವರಿಗೆ ಕಂದಾಯವಿಲ್ಲದ ನೆಲದಿಂದ ಆಗಬೇಕಾದ್ದೇನೂ ಇರಲಿಲ್ಲ.

ಆ ದಿನಗಳಲ್ಲಿ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಯಾವ ಹಿತ್ತಲು ಯಾರದೆಂಬುದು ಪಟೇಲನಿಗೂ ಶಾನುಭೋಗನಿಗೂ ಗೊತ್ತಿತ್ತು, ನೆರೆಯವರಿಗೂ ಗೊತ್ತಿತ್ತು. ತೊಂದರೆಯು ಬೆಳೆದದ್ದು ಮೆಲ್ಲಮೆಲ್ಲನೆ. ಗೆರೆಯೊಳಗಣ ನೆಲವು ಇದ್ದಷ್ಟೇ ಇತ್ತು. ಮನೆಗಳು ಅಣ್ಣತಮ್ಮಂದಿರ ಪಾಲಿನಲ್ಲಿ ಒಡೆದು ಹೆಚ್ಚಿದುವು. ಕಣವಿದ್ದಲ್ಲಿ ಮನೆ ಬಂದಿತು, ಕೊಟ್ಟಿಗೆಯಿದ್ದಲ್ಲಿ ಮನೆ ಬಂದಿತು, ತಿಪ್ಪೆಯು ದಾರಿಗೆ ಬಂದಿತು. ಜಮೀನುಳ್ಳವನು ತನ್ನ ಹೊಲದಲ್ಲಿಯೇ ಒಂದು ಮನೆಯನ್ನು ಕಟ್ಟಿಕೊಂಡನು. ಜಮೀನಿಲ್ಲದವನು ಗೋಮಾಳದ ಮೂಲೆಯಲ್ಲಿಯೋ ಕೆರೆಯ ಹಿಂಭಾಗದಲ್ಲಿಯೋ ಗುಡಿಸಲನ್ನು ಹಾಕಿಕೊಂಡನು. ಸರ್ವೆಯಾದ ಕಾಲದಲ್ಲಿಯೇ ಗೆರೆಯ ಹೊರಗೆ ಉಳಿದವರೂ ಇದ್ದರು: ಗೊಲ್ಲರ ಹಟ್ಟಿಗಳು, ಲಂಬಾಣಿಗರ ತಾಂಡಗಳು, ಊರಿಂದ ದೂರವಿರಿಸಲ್ಪಟ್ಟ ಕೇರಿಗಳು. ಇವುಗಳಲ್ಲಿ ಎಷ್ಟೋ ವಸತಿಗಳು ನಕ್ಷೆಯಲ್ಲಿ ಹೊಲವೆಂದೂ ಕಾಡೆಂದೂ ಮಾತ್ರ ಕಾಣಿಸುತ್ತಿದ್ದುವು. ಗೆರೆಯು ಬರೆದವರ ಮನಸ್ಸಿನಲ್ಲಿ ಕಂದಾಯದ್ದು. ಕಾಲಕ್ರಮದಲ್ಲಿ ಅದು ಜಾತಿಯ ಮತ್ತು ಬಡತನದ ಗೆರೆಯೂ ಆಯಿತು.

ಮಲೆನಾಡಿನ ಸ್ಥಿತಿಯು ಸ್ವಲ್ಪ ಬೇರೆಯಾಗಿತ್ತೆಂಬುದನ್ನು ಇಲ್ಲಿ ಹೇಳಬೇಕು. ತೀರ್ಥಹಳ್ಳಿ, ಹೊಸನಗರಗಳ ಕಡೆಯಲ್ಲಿ ಒಂದೊಂದು ತೋಟಕ್ಕೂ ಒಂದೊಂದು ಒಂಟಿಮನೆ; ಬಯಲುಸೀಮೆಯಲ್ಲಿ ಗೋಡೆಗೆ ಗೋಡೆ ತಾಗಿದ ಗುಂಪುಮನೆಗಳು. ಶಿವಮೊಗ್ಗ ಭದ್ರಾವತಿಗಳ ನಡುವಿನ ನೆಲವು ಅರೆಮಲೆನಾಡು. ಇಲ್ಲಿ ಎರಡು ಬಗೆಯ ಊರುಗಳನ್ನೂ ಕಾಣಬಹುದು. ಮಲೇರಿಯದ ದೆಸೆಯಿಂದ ಮಲೆನಾಡಿನ ಜನಸಂಖ್ಯೆಯು ಕುಗ್ಗುತ್ತ ಬಂದು, ಎಷ್ಟೋ ಊರುಗಳು ಬೇಚರಾಕ್ ಆದುವು. ಕಂದಾಯದ ಲೆಕ್ಕದಲ್ಲಿ ಇಂದಿಗೂ ಉಳಿದಿರುವ ಈ ಪಾರಸಿ ಮಾತಿಗೆ ‘ದೀಪವಿಲ್ಲದ್ದು’ ಎಂದರ್ಥ. ಊರಿನ ಹೆಸರೂ ಸರ್ವೆ ನಂಬರುಗಳೂ ಇವೆ, ಹಚ್ಚುವವರಿಲ್ಲದೆ ದೀಪ ಮಾತ್ರ ಇಲ್ಲ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ, 1914ರ ಸುಮಾರಿಗೆ, ಗ್ರಾಮಾಭ್ಯುದಯದ ಮತ್ತು ಮಲೆನಾಡಿನ ಅಭಿವೃದ್ಧಿಯ ಏರ್ಪಾಡುಗಳು ನಡೆದಾಗ ಅಧಿಕಾರಿಗಳ ಚಿಂತೆಯು ಇಲ್ಲಿ ಜನರನ್ನು ಉಳಿಸುವುದು ಹೇಗೆಂಬುದಾಗಿತ್ತು. ನೂರು ವರ್ಷಗಳಲ್ಲಿ ಪ್ರಶ್ನೆಯು ತಲೆಕೆಳಗಾಯಿತು.

ಪ್ಲೇಗಿನ ಮಾತನ್ನೂ ಬಿಡುವಂತಿಲ್ಲ. 1898ರಲ್ಲಿ ಆ ರೋಗವು ಬೆಂಗಳೂರಿಗೆ ಬಂದಮೇಲೆ ಅಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಹುಟ್ಟಿದುವು. 1903ರಲ್ಲಿ ಮೈಸೂರಿನಲ್ಲಿ ನಗರಾಭಿವೃದ್ಧಿಗೆಂದು ಟ್ರಸ್ಟ್ ಮಂಡಲಿಯು ಏರ್ಪಟ್ಟಿತು. ಅಗಲವಾದ ಬೀದಿ, ಅಳೆದ ನಿವೇಶನ, ಮನೆಗಳ ನಡುವೆ ಗಾಳಿಗೆ ಸಂದು ಎಂಬ ಭಾವನೆಗಳು ನಮ್ಮಲ್ಲಿ ಬೇರೂರಿದ್ದು ಆಗ. ಹಳ್ಳಿಗಳಲ್ಲಿಯೂ ಜನರು ಊರನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದರು. ರೋಗವು ಇಳಿದಮೇಲೆ ಬಹುಮಂದಿ ಹಳೆಯ ಮನೆಗಳಿಗೇ ಮರಳಿದರು. ನಗರಕ್ಕೆ ದೊರೆತ ಬಡಾವಣೆಯು ಹಳ್ಳಿಗೆ ದೊರೆಯಲಿಲ್ಲ.

ಇನ್ನು ಭದ್ರಾವತಿಗೆ ಬರೋಣ. ಮಾಚೇನಹಳ್ಳಿಗೆ ಅತ್ಯಂತ ಸಮೀಪದ ಪಾಠವು ಅಲ್ಲಿಯೇ ಇದೆ. ಬೆಂಕಿಪುರವೆಂದು ಹೆಸರಾಗಿದ್ದ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವುಳ್ಳ ಈ ಊರಿನ ಬಳಿ ಮೈಸೂರು ಸರಕಾರದವರು ಕಬ್ಬಿಣದ ಕಾರ್ಖಾನೆಯನ್ನು ಕಟ್ಟಿಸಲು ತೊಡಗಿ, 1923ರ ಜನವರಿಯಲ್ಲಿ ಕುಲುಮೆಯನ್ನು ಹೊತ್ತಿಸಿದರು. ಕಬ್ಬಿಣದ ಅದಿರು ಕೆಮ್ಮಣ್ಣುಗುಂಡಿಯದು, ನೀರು ಭದ್ರೆಯದು, ಇದ್ದಿಲು ಸುತ್ತಣ ಕಾಡಿನದು. ರೈಲಾದರೋ 1899ರಲ್ಲಿಯೇ ಬೀರೂರಿನಿಂದ ಶಿವಮೊಗ್ಗೆಗೆ ಬಂದಿದ್ದಿತು. ಇಲ್ಲದಿದ್ದದ್ದು ಕೆಲಸಗಾರರು ಮಾತ್ರ. ಅವರನ್ನು ಹೊರಗಿನಿಂದ ಕರೆಸಬೇಕಾಗಿತ್ತು, ಕರೆಸಿದಮೇಲೆ ಇರಿಸಬೇಕಾಗಿತ್ತು. ಹೀಗೆ ಹಳೆಯ ಊರಿಗೆ ಹೊರತಾಗಿ ‘ನ್ಯೂ ಟೌನ್’ ಹುಟ್ಟಿತು. 1930ರ ದಶಕದಲ್ಲಿ ಮೈಸೂರು ಕಾಗದದ ಕಾರ್ಖಾನೆಯು ಸ್ಥಾಪಿತವಾದಮೇಲೆ ‘ಪೇಪರ್ ಟೌನ್’ ಹುಟ್ಟಿತು. ನೇರವಾದ ಬೀದಿಗಳು, ನಲ್ಲಿಯ ನೀರು, ದೀಪ, ಶಾಲೆ, ಆಸ್ಪತ್ರೆ: ಸುತ್ತಣ ಹಳ್ಳಿಗಳವರು ಕಣ್ಣಾರೆ ಕಂಡ ಮೊದಲ ಯೋಜಿತ ವಸತಿಯು ಇದು. ತಮಿಳು, ತೆಲುಗು, ಉರ್ದು, ಕೊಂಕಣಿಗಳನ್ನಾಡುವವರು ಕನ್ನಡಿಗರೊಡನೆ ಒಂದೇ ಸಾಲಿನಲ್ಲಿ ವಾಸಮಾಡಿದರು. ಹಳ್ಳಿಯಲ್ಲಿ ಕೇರಿಯು ಜಾತಿಯಿಂದ ನಿಶ್ಚಿತವಾಗಿದ್ದರೆ ಇಲ್ಲಿ ಮನೆಯು ಕೆಲಸದ ದರ್ಜೆಯಿಂದ ನಿಶ್ಚಿತವಾಯಿತು. ಇದು ಸಣ್ಣ ಬದಲಾವಣೆಯಲ್ಲ.

ಆದರೆ ಈ ಮನೆಗಳು ಕೆಲಸಕ್ಕೆ ಕಟ್ಟಿದ ಮನೆಗಳು. ಕೆಲಸವಿರುವವರೆಗೆ ವಾಸ, ಕೆಲಸವು ತೀರಿದ ದಿನ ಬೀಗದ ಕೈಯನ್ನು ಒಪ್ಪಿಸತಕ್ಕುದು. ಮೂವತ್ತು ವರ್ಷಗಳ ಕಾಲ ಒಂದೇ ಮನೆಯಲ್ಲಿ ಮಕ್ಕಳನ್ನು ಸಾಕಿದವನಿಗೆ ಅದರ ಒಂದು ಗೋಡೆಯೂ ಸೇರಿದ್ದಲ್ಲ. ಕಾರ್ಖಾನೆಯು ದೊಡ್ಡದಾಗಿರುವಾಗ ಈ ಕೊರತೆಯು ಯಾರ ಕಣ್ಣಿಗೂ ಬೀಳಲಿಲ್ಲ. ಕಬ್ಬಿಣದ ಕಾರ್ಖಾನೆಯು 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಕೈಗೆ ಹೋಗಿ ಕ್ರಮೇಣ ಸೊರಗಿತು. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪನ್ನವು ನಿಂತಿತು. ಆಗ ಕೂಲಿಯೂ ಸೂರೂ ಒಂದೇ ಹಗ್ಗಕ್ಕೆ ಕಟ್ಟಿದ್ದುವೆಂಬುದು ಎಲ್ಲರಿಗೂ ತಿಳಿಯಿತು. ಮಾಚೇನಹಳ್ಳಿಯ ಕಾರ್ಖಾನೆಗಳವರೇ ತಮ್ಮ ಕೆಲಸಗಾರರಿಗೆ ಮನೆಗಳನ್ನು ಕಟ್ಟಿಕೊಡಲೆಂದು ಹೇಳುವವರು ಉಂಟು. ಅವರು ಒಮ್ಮೆ ಪೇಪರ್ ಟೌನಿನ ಬೀದಿಗಳಲ್ಲಿ ನಡೆದು ಬರಬೇಕೆಂಬುದು ನಮ್ಮ ಸೂಚನೆ.

ಕೆಲಸಕ್ಕೆ ಕಟ್ಟಿದ ಮನೆಯ ಕಷ್ಟವು ಕಾರ್ಖಾನೆಗಿಂತ ಬಹಳ ಹಳೆಯದು. ಹಳ್ಳಿಯ ಗೇಣಿದಾರನೂ ಜೀತದವನೂ ಅದನ್ನು ಬಲ್ಲರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರದಿಂದ ಹುಟ್ಟಿದ ವಿವಾದವು ಸತ್ಯಾಗ್ರಹವಾಗಿ ಬೆಳೆದು, ರಾಮಮನೋಹರ ಲೋಹಿಯಾ ಅವರು ಬಂದು ಬಂಧಿತರಾಗುವವರೆಗೆ ಹೋಯಿತು. ಚರಿತ್ರಕಾರರು ಅದನ್ನು ಗೇಣಿಯ ಹೋರಾಟವೆಂದು ಸರಿಯಾಗಿಯೇ ಬರೆದಿದ್ದಾರೆ. ಒಡೆಯನ ನೆಲದಲ್ಲಿ ಮನೆಯುಳ್ಳವನು ಒಡೆಯನಿಗೆ ಎದುರುನಿಂತರೆ ಗದ್ದೆಯೊಡನೆ ಮನೆಯೂ ಹೋಗುತ್ತದೆಂಬ ಭಯವು ಅದರ ಬೆನ್ನಿಗಿತ್ತೆಂಬುದನ್ನು ಮಾತ್ರ ಒತ್ತಿ ಹೇಳಿಲ್ಲ. 1961ರ ಭೂಸುಧಾರಣೆಯ ಕಾಯಿದೆಯಲ್ಲಿ, 1974ರಿಂದ ಬಲವಾಗಿ ಜಾರಿಗೆ ಬಂದ ಅದರ ತಿದ್ದುಪಡಿಯಲ್ಲಿ, ‘ಉಳುವವನೇ ಹೊಲದೊಡೆಯ’ ಎಂಬ ಅಂಶವು ಪ್ರಸಿದ್ಧ. ಅದೇ ಕಾಯಿದೆಯ 38ನೆಯ ಪ್ರಕರಣವು ಅಷ್ಟು ಪ್ರಸಿದ್ಧವಲ್ಲ. ಪರರ ಜಮೀನಿನಲ್ಲಿ ಮನೆಕಟ್ಟಿಕೊಂಡು ವಾಸಿಸುವ ಕೃಷಿಕೂಲಿಗೆ ಆ ಮನೆಯ ಮೇಲೆ ಒಡೆತನವನ್ನು ಕೊಡುವುದು ಅದರ ತಾತ್ಪರ್ಯ. ಗದ್ದೆಯ ಹಕ್ಕಿಗಾಗಿ ಅರ್ಜಿ ಹಾಕಿದವರ ಕತೆಯನ್ನು ಎಲ್ಲರೂ ಹೇಳುತ್ತಾರೆ; ಮನೆಯ ಹಕ್ಕಿನ ಕತೆಯನ್ನು ಹೇಳುವವರು ವಿರಳ.

ಗೆರೆಯನ್ನು ಸರಕಾರವೇ ಹೊರಕ್ಕೆ ಸರಿಸಲು ಹೊರಟದ್ದು ದೇವರಾಜ ಅರಸರ ಕಾಲದಲ್ಲಿ. ಮನೆಯ ನಿವೇಶನಗಳನ್ನು ಹಂಚುವುದಕ್ಕಾಗಿಯೇ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವ ಪ್ರತ್ಯೇಕ ಕಾಯಿದೆಯು 1972ರಲ್ಲಿ ಆಯಿತು. ಅದರ ಬೆನ್ನಿಗೆ ಜನತಾ ಮನೆಗಳು ಬಂದುವು. 1991–92ರಲ್ಲಿ ಆಶ್ರಯ ಯೋಜನೆಯು ಬಂದಿತು. 2000ದಲ್ಲಿ ರಾಜೀವ್ ಗಾಂಧಿ ಹೆಸರಿನ ಗ್ರಾಮೀಣ ವಸತಿ ನಿಗಮವು ಸ್ಥಾಪಿತವಾಯಿತು. ಕೇಂದ್ರ ಸರಕಾರದ ಇಂದಿರಾ ಆವಾಸ್ ಯೋಜನೆಯು 1985ರದು; ಅದರ ಸ್ಥಾನದಲ್ಲಿ 2016ರಿಂದ ಪ್ರಧಾನ ಮಂತ್ರಿ ಆವಾಸ್ ಯೋಜನೆಯು ಬಂದು, ಮನೆಯ ಕನಿಷ್ಠ ವಿಸ್ತಾರವು 20ರಿಂದ 25 ಚದರ ಮೀಟರಿಗೆ ಏರಿತು. ಹೆಸರುಗಳು ಸರಕಾರದೊಡನೆ ಬದಲಾಗುತ್ತ ಬಂದಿವೆ; ಅವುಗಳನ್ನು ಇನ್ನೂ ಪಟ್ಟಿಮಾಡುವುದರಿಂದ ಪ್ರಯೋಜನವಿಲ್ಲ.

ಈ ಯೋಜನೆಗಳು ಮಾಡಿದ ಉಪಕಾರವು ದೊಡ್ಡದು. ಹುಲ್ಲಿನ ಮಾಡಿನ ಕೆಳಗೆ ಮಳೆಗಾಲವನ್ನು ಕಳೆದವರಿಗೆ ಹೆಂಚು ಎಂದರೇನೆಂಬುದು ಗೊತ್ತು. ಆದರೆ ಸ್ಥಳವನ್ನು ಆರಿಸುವಾಗ ಆದ ತಪ್ಪೊಂದನ್ನು ಮುಚ್ಚಿಡಲಾಗದು. ಖಾಸಗಿ ಜಮೀನನ್ನು ಕೊಳ್ಳುವುದಕ್ಕೆ ಹಣ ಬೇಕು, ಗೋಮಾಳವು ಪುಕ್ಕಟೆ. ನೂರು ದನಗಳಿಗೆ 12 ಹೆಕ್ಟೇರಿನಂತೆ ಗೋಮಾಳವನ್ನು ಉಳಿಸಿಕೊಳ್ಳಬೇಕೆಂದು ಭೂಕಂದಾಯದ ನಿಯಮವಿದೆ. ದನಗಳು ಕಡಮೆಯಾದಂತೆಲ್ಲ ಗೋಮಾಳವು ಹೆಚ್ಚುವರಿಯೆಂದು ಲೆಕ್ಕಕ್ಕೆ ಬಂದು ನಿವೇಶನಗಳಾಯಿತು. ಗೋಮಾಳವಾದರೋ ಸ್ವಭಾವತಃ ಊರಿನ ಕೊನೆಯ ನೆಲ: ಬಾವಿಗೆ ದೂರ, ಶಾಲೆಗೆ ದೂರ, ಕೆಲವೆಡೆ ಕಲ್ಲು, ಕೆಲವೆಡೆ ಮಳೆಯ ನೀರು ನಿಲ್ಲುವ ತಗ್ಗು. ಇಂತಹ ಸ್ಥಳದಲ್ಲಿ ಮನೆಗಳೆದ್ದು ‘ಜನತಾ ಕಾಲೋನಿ’ ಎಂಬ ಹೆಸರು ನೆಲೆನಿಂತಿತು. ಹೆಸರೇ ಅಲ್ಲಿ ವಾಸಿಸುವವರು ಯಾರೆಂಬುದನ್ನು ಹೇಳುವಂತಾಯಿತು. ಹಳೆಯ ಊರಿನಲ್ಲಿ ಗೆರೆಯ ಹೊರಗಿದ್ದ ಕೇರಿಯು ಸರಕಾರದ ಖರ್ಚಿನಲ್ಲಿ, ಗೆರೆಯ ಇನ್ನೂ ಹೊರಗೆ, ಸಾಲುಮನೆಗಳ ರೂಪದಲ್ಲಿ ಮತ್ತೊಮ್ಮೆ ಹುಟ್ಟಿತೆಂದರೆ ಕಠಿನವಾಗಿ ತೋರಬಹುದು. ಆದರೆ ಅಂತಹ ಕಾಲೋನಿಗಳನ್ನು ಕಂಡವರು ಇದನ್ನು ಅಲ್ಲಗಳೆಯಲಾರರು.

ಹಕ್ಕುಪತ್ರವಿಲ್ಲದ ವಸತಿಯ ಗತಿಯೇನೆಂಬುದಕ್ಕೆ ಈ ಜಿಲ್ಲೆಯೇ ದೊಡ್ಡ ನಿದರ್ಶನವನ್ನು ಕೊಟ್ಟಿದೆ. ಶರಾವತಿಗೆ ಹಿರೇಭಾಸ್ಕರದಲ್ಲಿಯೂ ಅನಂತರ 1964ರಲ್ಲಿ ಲಿಂಗನಮಕ್ಕಿಯಲ್ಲಿಯೂ ಕಟ್ಟೆಯನ್ನು ಕಟ್ಟಿದಾಗ ಮುಳುಗಡೆಯಾದ ಊರುಗಳ ಕುಟುಂಬಗಳನ್ನು ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಕಾಡಂಚುಗಳಿಗೆ ಸಾಗಿಸಿದರು. ನಾಡಿಗೆಲ್ಲ ವಿದ್ಯುದ್ದೀಪವನ್ನು ಕೊಡುವುದಕ್ಕಾಗಿ ಮನೆಗಳನ್ನು ಬಿಟ್ಟವರು ಕಾಡನ್ನು ಕಡಿದು ಹೊಸ ಮನೆಗಳನ್ನು ಕಟ್ಟಿದರು. ಆ ನೆಲವನ್ನು ಅರಣ್ಯದ ಪಟ್ಟಿಯಿಂದ ಕ್ರಮವಾಗಿ ಬಿಡಿಸಿ ಅವರ ಹೆಸರಿಗೆ ಬರೆಯುವ ಕೆಲಸವು ಹಿಂದೆ ಬಿದ್ದಿತು. 1980ರಲ್ಲಿ ಅರಣ್ಯಸಂರಕ್ಷಣೆಯ ಕೇಂದ್ರ ಕಾಯಿದೆಯು ಬಂದಮೇಲೆ ಜಿಲ್ಲೆಯ ಕಚೇರಿಯಲ್ಲಿ ಮುಗಿಯಬಹುದಾಗಿದ್ದ ಕಾಗದಕ್ಕೆ ದೆಹಲಿಯ ಒಪ್ಪಿಗೆಯು ಬೇಕಾಯಿತು. ಎರಡು ಮೂರು ತಲೆಮಾರುಗಳು ಕಳೆದರೂ ವ್ಯವಹಾರವು ನ್ಯಾಯಾಲಯಗಳಲ್ಲಿಯೂ ಹೋರಾಟಗಳಲ್ಲಿಯೂ ಸುತ್ತುತ್ತ ಬಂದಿದೆ. ಮನೆಯನ್ನು ಮೊದಲು ಕಟ್ಟಿ ಕಾಗದವನ್ನು ಆಮೇಲೆ ಮಾಡಿದರಾಯಿತೆಂಬ ಮಾತು ಎಷ್ಟು ಬೆಲೆಬಾಳುತ್ತದೆಂಬುದನ್ನು ಆ ಕುಟುಂಬಗಳನ್ನು ಕೇಳಿ ತಿಳಿಯಬೇಕು. ತಾಂಡ ಹಟ್ಟಿಗಳಿಗೂ ಕಂದಾಯ ಗ್ರಾಮಗಳೆಂಬ ಮನ್ನಣೆಯು ಬಂದದ್ದು ತೀರ ಈಚೆಗೆ. ಭೂಕಂದಾಯ ಕಾಯಿದೆಗೆ ಅದಕ್ಕಾಗಿಯೇ ತಿದ್ದುಪಡಿಯಾಗಿ, 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಮಿಕ್ಕ ಕುಟುಂಬಗಳಿಗೆ ಹಕ್ಕುಪತ್ರಗಳನ್ನು ಕೊಡುವ ಕಾರ್ಯವು ನಡೆಯಿತು. 1863ರ ಸರಪಳಿಯವರು ಬಿಟ್ಟುಹೋದ ಮನೆಗಳನ್ನು ಎಣಿಸಲು 160 ವರ್ಷಗಳು ಹಿಡಿದುವು.

ಗೆರೆಯು ಇನ್ನೂ ಅಳಿದಿಲ್ಲ. ಪಂಚಾಯತಿಗಳು ಆಸ್ತಿಗೆ ಕೊಡುವ ಇ-ಸ್ವತ್ತಿನ ಕಾಗದಗಳಲ್ಲಿಯೇ ಅದನ್ನು ಕಾಣಬಹುದು. ಗ್ರಾಮಠಾಣದೊಳಗಿನ ಅಥವಾ ಕ್ರಮವಾಗಿ ಪರಿವರ್ತನೆಯಾದ ನೆಲದ ಮನೆಗೆ ನಮೂನೆ 9 ದೊರೆಯುತ್ತದೆ. ಉಳಿದ ಮನೆಗೆ ದೊರೆಯುವುದು ನಮೂನೆ 11-ಬಿ. ಬ್ಯಾಂಕಿನವನು ಸಾಲ ಕೊಡುವ ಮೊದಲು ಕೇಳುವುದು ಇದನ್ನೇ. ಬೇಸಾಯದ ಜಮೀನಿನಲ್ಲಿ ಮನೆಕಟ್ಟಬೇಕಾದರೆ 1964ರ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದ ಮೇರೆಗೆ ಪರಿವರ್ತನೆಯು ಬೇಕು. 2020ರಲ್ಲಿ ಕೇಂದ್ರ ಸರಕಾರವು ಸ್ವಾಮಿತ್ವ ಎಂಬ ಹೆಸರಿನಿಂದ ಗ್ರಾಮಠಾಣಗಳ ಒಳಭಾಗವನ್ನು ಡ್ರೋನುಗಳಿಂದ ಅಳೆಯಿಸಲು ತೊಡಗಿದಾಗ ಮೊದಲು ಆರಿಸಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಅಂತೂ ಮನೆಯನ್ನು ಅಳೆಯುವ ಕಾಲವು ಬಂದಿತು.

ಈಗ ಮಾಚೇನಹಳ್ಳಿಯ ಅಂಚಿಗೆ ಹಿಂದಿರುಗೋಣ. ಲೆಕ್ಕವು ಸರಳವಾದುದು. ಎಕರೆಗೆ 43,560 ಚದರ ಅಡಿ. ದಾರಿ, ಚರಂಡಿ, ಬಯಲು, ಅಂಗನವಾಡಿ, ನೀರಿನ ತೊಟ್ಟಿಗಳಿಗೆಂದು ನೂರಕ್ಕೆ 45ರಷ್ಟನ್ನು ತೆಗೆದರೆ ಉಳಿಯುವುದು ಸುಮಾರು 24,000 ಚದರ ಅಡಿ. ಮೂವತ್ತು-ನಲವತ್ತರ ನಿವೇಶನಗಳಾದರೆ ಅದರಲ್ಲಿ 20, ಇಪ್ಪತ್ತು-ಮೂವತ್ತರವಾದರೆ 40. ಮೂವತ್ತು-ನಲವತ್ತೆಂದರೆ 1,200 ಚದರ ಅಡಿ. ಗುಂಟೆಗಿಂತ ಎಳ್ಳಷ್ಟು ಹೆಚ್ಚು. ಮನೆಯನ್ನು ಅಳೆಯಲೊಲ್ಲದ ಸರಪಳಿಯೇ ಮನೆಯ ಅಳತೆಯನ್ನು ನಮಗೆ ಬಿಟ್ಟುಹೋದದ್ದು ಒಂದು ವಿನೋದ. ಎರಡು ಎಕರೆಯಲ್ಲಿ ದೊಡ್ಡ ನಿವೇಶನಗಳು 40 ಆಗುತ್ತವೆ. ಸಣ್ಣವೂ ದೊಡ್ಡವೂ ಬೆರೆತರೆ 60. ಸಣ್ಣ ನಿವೇಶನದಲ್ಲಿ 25 ಚದರ ಮೀಟರಿನ, ಎಂದರೆ ಸುಮಾರು 270 ಚದರ ಅಡಿಯ ಮನೆಯನ್ನು ಕಟ್ಟಿದಮೇಲೂ ಬಚ್ಚಲಿಗೂ ಕರಿಬೇವಿನ ಗಿಡಕ್ಕೂ ಮುಂದೊಂದು ದಿನ ಕಟ್ಟುವ ಇನ್ನೊಂದು ಕೋಣೆಗೂ ಹಿತ್ತಲಿನಲ್ಲಿ ಜಾಗವುಳಿಯುತ್ತದೆ.

ತೊಡಕಿರುವುದು ಬೆಲೆಯಲ್ಲಿ. ಭದ್ರೆಯ ನಾಲೆಗಳು ಬಂದಮೇಲೆ ಈ ಸೀಮೆಯ ಒಣಭೂಮಿಯು ಗದ್ದೆಯಾಗಿ, ಗದ್ದೆಯು ಅಡಕೆಯ ತೋಟವಾಗುತ್ತ ಬಂದಿದೆ, ತೋಟವನ್ನು ಮಾರುವವರಿಲ್ಲ. ಹೆದ್ದಾರಿಯ ಮಗ್ಗುಲ ನೆಲಕ್ಕೆ ಕಾರ್ಖಾನೆಯ ಬೆಲೆಯಿದೆ. ಶಿವಮೊಗ್ಗ ಭದ್ರಾವತಿಗಳೆರಡನ್ನೂ ಕೂಡಿಸಿ ಒಂದೇ ಯೋಜನಾಪ್ರದೇಶವೆಂದು ಗುರುತಿಸಿರುವುದರಿಂದ, ನಡುವಣ ಹಳ್ಳಿಗಳು ಇಂದಲ್ಲ ನಾಳೆ ನಗರವಾಗತಕ್ಕುವೆಂದು ಎಲ್ಲರೂ ಬಲ್ಲರು. ಈ ಸ್ಥಿತಿಯಲ್ಲಿ ಹೊಲಿಗೆಯ ಕೂಲಿಯಿಂದ ಬದುಕುವ ಕುಟುಂಬವು ತೆರೆದ ಪೇಟೆಯಲ್ಲಿ ನಿವೇಶನವನ್ನು ಕೊಳ್ಳಲಾರದು. ಸರಕಾರವು ಅಗ್ಗವಾಗಿ ಕೊಟ್ಟರೂ, ಪರಭಾರೆ ಮಾಡಕೂಡದೆಂಬ ಷರತ್ತಿನ ಅವಧಿಯು ತೀರಿದೊಡನೆ ಅದು ಉಳ್ಳವರ ಕೈಸೇರುತ್ತದೆ.

ಇಂಗ್ಲೆಂಡಿನಲ್ಲಿ ಈ ರೋಗಕ್ಕೆ ಒಂದು ಮದ್ದನ್ನು ಮಾಡಿದ್ದಾರೆ. ಅಲ್ಲಿ ಊರಂಚಿನ ಹೊಲದಲ್ಲಿ ಮನೆಕಟ್ಟಲು ಸಾಮಾನ್ಯವಾಗಿ ಅನುಮತಿಯಿಲ್ಲ. ಆದಕಾರಣ ಆ ನೆಲಕ್ಕೆ ಹೊಲದ ಬೆಲೆಯೇ ಹೊರತು ಮನೆಯ ಬೆಲೆಯಿಲ್ಲ. ಆ ಊರಿನಲ್ಲಿ ಕೆಲಸವೋ ನಂಟೋ ಇರುವ ಸಾಧಾರಣ ವರಮಾನದವರಿಗೆಂದು, ಮುಂದೆಯೂ ಅವರಂತಹವರಿಗೇ ಉಳಿಯಬೇಕೆಂಬ ಕರಾರಿನಿಂದ, ಕೆಲವು ಮನೆಗಳಿಗೆ ಮಾತ್ರ ಅಪವಾದರೂಪವಾಗಿ ಅನುಮತಿಯನ್ನು ಕೊಡುವ ಕ್ರಮವು 1990ರ ದಶಕದ ಆದಿಯಿಂದ ನಡೆದು ಬಂದಿದೆ. ಅಮೆರಿಕದಲ್ಲಿ ನೆಲವು ಸಮುದಾಯದ ಟ್ರಸ್ಟಿಗೆ, ಮನೆಯು ವಾಸಿಸುವವನಿಗೆ ಎಂಬ ವಿಭಾಗವನ್ನು ಮಾಡಿದರು. ಅಂತಹ ಮೊದಲ ಸಂಸ್ಥೆಯು 1969ರಲ್ಲಿ ಜಾರ್ಜಿಯ ಪ್ರಾಂತದ ಕರಿಯ ಬೇಸಾಯಗಾರರ ನಡುವೆ ಹುಟ್ಟಿತು; ಅದನ್ನು ಕಟ್ಟಿದವರ ಮನಸ್ಸಿನಲ್ಲಿ ವಿನೋಬಾ ಭಾವೆಯವರ ಗ್ರಾಮದಾನದ ಮಾದರಿಯೂ ಇದ್ದಿತು. ನಮ್ಮಿಂದ ಹೋದ ಬೀಜವು ಅಲ್ಲಿ ಫಲಕೊಟ್ಟಿದ್ದರೆ ಇಲ್ಲಿಗೆ ಅದನ್ನು ಮರಳಿ ತರಲು ನಾವು ನಾಚಬೇಕಾಗಿಲ್ಲ. ಹಾಗೆ ನೋಡಿದರೆ ಗ್ರಾಮಠಾಣವೂ ಒಂದು ಕಾಲದಲ್ಲಿ ಊರಿನ ಒಟ್ಟು ನೆಲವೇ ಆಗಿದ್ದಿತು.

ಮಾಚೇನಹಳ್ಳಿಯಲ್ಲಿ ಅಥವಾ ಅದರಂತಹ ಇನ್ನೊಂದು ಊರಿನಲ್ಲಿ ಇಂತಹ ಕಾರ್ಯವು ನಡೆಯುವುದಾದರೆ, ಮೊದಲು ಆ ಎರಡು ಎಕರೆಯು ಗ್ರಾಮಠಾಣದ ವಿಸ್ತರಣೆಯೆಂದು ನಕ್ಷೆಯಲ್ಲಿ ಸೇರಬೇಕು. ಪ್ರತಿಯೊಂದು ನಿವೇಶನಕ್ಕೂ ಕಲ್ಲು ನೆಟ್ಟಮೇಲೆ ತಳಪಾಯವನ್ನು ತೋಡಬೇಕು. ಹಕ್ಕುಪತ್ರವು ಹೆಂಡತಿಯ ಹೆಸರಿನಲ್ಲಿಯೋ ಇಬ್ಬರ ಹೆಸರಿನಲ್ಲಿಯೋ ಇರಬೇಕು. ಕಾರ್ಖಾನೆಯ ಹಾಜರಿಯ ಪುಸ್ತಕಕ್ಕೂ ಅದಕ್ಕೂ ಸಂಬಂಧವಿರಕೂಡದು. ಸ್ಥಳವು ಹಳೆಯ ಊರಿನ ಕೊನೆಯ ಮನೆಗೆ ಹತ್ತಿಕೊಂಡಿರಬೇಕು. ಅಲ್ಲಿಯ ಬೀದಿಯೇ ಮುಂದುವರಿದು ಇಲ್ಲಿಗೆ ಬರಬೇಕು, ಹೆದ್ದಾರಿಯಿಂದ ಬೇರೊಂದು ಬಾಗಿಲು ಬೇಡ. ಹೊಸ ಬೀದಿಗೆ ಕಾಲೋನಿಯೆಂಬ ಹೆಸರನ್ನಿಡದೆ ಊರಿನವರು ಒಪ್ಪುವ ಕೇರಿಯ ಹೆಸರನ್ನೇ ಇಡುವುದು ಮೇಲು. ಹಂಚುವ ದಿನ ನಕ್ಷೆಯಲ್ಲಿರುವ ನಿವೇಶನಗಳನ್ನೆಲ್ಲ ಹಂಚಿಬಿಡದೆ ಏಳೆಂಟನ್ನು ಯಾರ ಹೆಸರನ್ನೂ ಬರೆಯದೆ ಪಂಚಾಯತಿಯ ವಶದಲ್ಲಿ ಉಳಿಸತಕ್ಕುದು. ಇಂದು ಮನೆಯನ್ನು ಪಡೆದವರ ಮಕ್ಕಳು ಇಪ್ಪತ್ತು ವರ್ಷಗಳ ಅನಂತರ ಬೇರೆ ಮನೆಯನ್ನು ಹೂಡುವಾಗ ಅವು ಬೇಕಾಗುತ್ತವೆ.